ನ್ಯಾನೋಕಣವನ್ನು ‘ಅಣುಕಣ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಶಿರಸಿಯಲ್ಲಿ ನಾವು ಕೆಲವರು ಸೇರಿ ಹೃದಯದ ಕಾಯಿಲೆ ಬಗ್ಗೆ ಒಂದು ಪುಸ್ತಿಕೆ ಬರೆಯುತ್ತಿದ್ದೇವೆ. ನ್ಯೂಕ್ಲಿಯರ್ ಮೆಡಿಸಿನ್ ಸ್ಕ್ಯಾನಿನ, ಅಂದರೆ ವಿಕಿರಣ ಸೂಸುವ ವಸ್ತುವನ್ನು ಮೈಗೆ ಸೇರಿಸಿ ಒಳಗಿನ ಚಿತ್ರ ತೆಗೆಯುವ ಸ್ಕ್ಯಾನಿನ ಭಾಗ ನನ್ನ ಪಾಲಿಗೆ ಬಂದಿದೆ. ಕರಡು ನೋಡಿದ ಗೆಳೆಯರೊಬ್ಬರು ‘ನ್ಯಾನೋಕಣ’ ಇದ್ದಲ್ಲೆಲ್ಲ ‘ಅಣುಕಣ’ ಅಂತ ತಿದ್ದಿದ್ದಾರೆ. ಕೇಳಲು ಚೆನ್ನಾಗೇ ಇದೆ, ಆದರೆ ನನಗೆ ಒಪ್ಪಿಗೆ ಇಲ್ಲ.

ಶಾಲೆಯ ಪಾಠದಲ್ಲಿ ಆಟಮ್‌ಗೆ ಪರಮಾಣು, ಮಾಲಿಕ್ಯೂಲ್‌ಗೆ ಅಣು. ನ್ಯಾನೋಕಣ ಇವೆರಡೂ ಅಲ್ಲ. ಅದರ ಅಳತೆ 1ರಿಂದ 100 ನ್ಯಾನೋಮೀಟರ್ (ಮೀಟರಿನ ನೂರು ಕೋಟಿಯಲ್ಲೊಂದು ಪಾಲು ಒಂದು ನ್ಯಾನೋಮೀಟರ್). 20 ನ್ಯಾನೋಮೀಟರ್ ಅಗಲದ ಕಬ್ಬಿಣದ ಆಕ್ಸೈಡ್ ಕಣ ಒಂದರಲ್ಲೇ ಲಕ್ಷಗಟ್ಟಲೆ ಪರಮಾಣುಗಳಿರುತ್ತವೆ. ಆ ಕಣಕ್ಕೆ ತಾಮ್ರ-64ರಂಥ ವಿಕಿರಣ ಸೂಸುವ ಪರಮಾಣುಗಳನ್ನು ಅಂಟಿಸುತ್ತಾರೆ. ಹೊತ್ತೊಯ್ಯುವುದು ಕಣ, ಆ ವಿಕಿರಣ ಹಿಡಿದು ಚಿತ್ರ ಮಾಡುವ ಪೆಟ್ ಸ್ಕ್ಯಾನರಿಗೆ ಸುಳಿವು ಕೊಡುವುದು ಪರಮಾಣು. ಎರಡಕ್ಕೂ ‘ಅಣು’ ಅಂದರೆ ಯಾವುದು ಯಾವುದನ್ನು ಹೊತ್ತಿದೆ ಅಂತಲೇ ತಿಳಿಯುವುದಿಲ್ಲ.

ಇನ್ನೊಂದು ವಿಷಯ. ಕಾರವಾರದ ಕಡೆ ‘ಅಣು’ ಅಂದ ಕೂಡಲೇ ಕೈಗಾದ ಅಣುಸ್ಥಾವರ ನೆನಪಾಗುತ್ತದೆ. ಸ್ಕ್ಯಾನಿಗೆ ಹೊರಟವರನ್ನು ಸುಮ್ನೆ ಯಾಕೆ ಹೆದರಿಸಬೇಕು? ಹೃದಯದ ಸ್ಕ್ಯಾನಿಗೆ ಜಾಸ್ತಿ ಬಳಸುವ ಟೆಕ್ನೀಷಿಯಂ-99ಎಂ ಎಂಬ ವಿಕಿರಣ ಸೂಸುವ ವಸ್ತು ಪ್ರತಿ 6 ತಾಸಿಗೆ ಅರ್ಧ ಆಗುತ್ತಾ ಹೋಗುತ್ತದೆ, ಮೈಯಲ್ಲಿ ಬಹಳ ದಿನ ಉಳಿಯುವುದಿಲ್ಲ.

‘ಕಣ’ವೂ ಸಲೀಸಲ್ಲ. ಈಗಿನ ಥ್ಯಾಲಿಯಂ, ಟೆಕ್ನೀಷಿಯಂ ಸ್ಕ್ಯಾನುಗಳು ಹೃದಯದ ಸ್ನಾಯುವಿಗೆ ರಕ್ತ ಸರಿಯಾಗಿ ಹೋಗುತ್ತಿದೆಯಾ ಅಂತ ತೋರಿಸುತ್ತವೆ. ನ್ಯಾನೋಕಣ ತಯಾರಿಸುವವರ ಕಣ್ಣು ಅದಕ್ಕಿಂತ ಹಿಂದಿನ ಹಂತದ ಮೇಲೆ. ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕಟ್ಟಿ ಉರಿಯೂತ ಆದ ಜಾಗವನ್ನು ಬ್ಲಾಕ್ ಆಗುವ ಮೊದಲೇ ಹಿಡಿಯಬೇಕು ಅನ್ನುವುದು ಅವರ ಆಸೆ. ಇದು ಇನ್ನೂ ಹೆಚ್ಚಾಗಿ ಇಲಿ, ಮೊಲಗಳ ಮೇಲಿನ ಪ್ರಯೋಗದಲ್ಲೇ ಇದೆ. ಉರಿಯೂತ ಆದ ಆ ಜಾಗದಲ್ಲಿ ಮ್ಯಾಕ್ರೋಫೇಜ್ ಎಂಬ ಬಿಳಿ ರಕ್ತಕಣಗಳು ಸೇರಿರುತ್ತವೆ, ಹೊರಗಿನಿಂದ ಬಂದದ್ದನ್ನು ನುಂಗುತ್ತವೆ. ಈಗ ಈ ವಾಕ್ಯ ಓದಿ: ‘ಬಿಳಿ ರಕ್ತಕಣವು ನ್ಯಾನೋಕಣವನ್ನು ನುಂಗುತ್ತದೆ.’ ಎರಡೂ ಒಂದೇ ಗಾತ್ರ ಅನ್ನಿಸುವುದಿಲ್ವಾ? ನಿಜಕ್ಕೆ ಒಂದು ಇನ್ನೊಂದರ ನೂರಾರು ಪಟ್ಟು ದೊಡ್ಡದು. (ಭತ್ತ ತುಳಿಸುವ ಕಣ, ಚುನಾವಣೆಯ ಕಣ ಬೇರೆ ಇವೆ. ಅವು ಇಲ್ಲಿ ತೊಂದರೆ ಕೊಡುವುದಿಲ್ಲ ಬಿಡಿ.)

‘ನ್ಯಾನೋಹುಡಿ’ ಅಂತ ಹಾಕಿ ನೋಡಿದೆ. ಹುಡಿಯನ್ನು ಒಂದು, ಎರಡು ಅಂತ ಎಣಿಸಲು ಬರುವುದಿಲ್ಲ. ಹಾಗಾಗಿ ನ್ಯಾನೋಕಣವನ್ನು ಹಾಗೇ ಉಳಿಸಿ, ರಕ್ತಕಣದ ಬದಲು ‘ರಕ್ತಕೋಶ’ ಬಳಸುವುದು ಅಂತ ಅಂದುಕೊಂಡಿದ್ದೇನೆ. ‘ರಕ್ತಕಣ’ ಓದಿ ರೂಢಿಯಾದವರಿಗೆ ಇದು ತೊಡಕಾಗುತ್ತದಾ?

ಟ್ರೇಸರ್ (ಸ್ಕ್ಯಾನಿಗೆಂದು ಮೈಗೆ ಸೇರಿಸುವ ವಿಕಿರಣ ಸೂಸುವ ವಸ್ತು) ಎಂಬುದಕ್ಕೆ ಸದ್ಯ ‘ಸುಳಿವುಮದ್ದು’ ಅಂತ ಬರೆದಿದ್ದೇನೆ. ಸೂಜಿಯಲ್ಲಿ ಕೊಡುತ್ತಾರೆ ನಿಜ, ಆದರೆ ಅದು ಯಾವ ಕಾಯಿಲೆಯನ್ನೂ ಗುಣ ಮಾಡುವುದಿಲ್ಲ. ಕುಮಟಾ, ಹೊನ್ನಾವರ, ಅಂಕೋಲಾ ಕಡೆಯವರು ದಯವಿಟ್ಟು ಹೇಳಿ: ನಿಮ್ಮಲ್ಲಿ ‘ಮದ್ದು’ ಅಂದರೆ ವಾಸಿ ಮಾಡುವಂಥದ್ದು ಅಂತಲೇ ಅರ್ಥವಾ?