ಪುಲ್ಯಾದ ಕಲ್ಲುಮನೆಯಲ್ಲಿ ಅಪ್ಪ-ಅಮ್ಮನ ಜೊತೆ ಒಂದು ವಾರ: ಎಲ್ಲಿ ಉಳಿಯುವುದು?

ತಿಪಟೂರಿನವ:
ಎಲ್ಲರಿಗೂ ನಮಸ್ಕಾರ. ನಾನಿರುವುದು ಸ್ಟುಟ್‌ಗಾರ್ಟ್‌ನಲ್ಲಿ. ಸೆಪ್ಟೆಂಬರ್‌ನಲ್ಲಿ ಅಪ್ಪ-ಅಮ್ಮ ಊರಿಂದ ಬರುತ್ತಿದ್ದಾರೆ. ಅಪ್ಪನಿಗೆ ಮಂಡಿನೋವು, ಹಾಗಾಗಿ ರೋಮ್, ವೆನಿಸ್ ಅಂತ ಸುತ್ತಿಸುವ ಮನಸ್ಸಿಲ್ಲ. ದಕ್ಷಿಣ ಇಟಲಿಯ ಪುಲ್ಯಾದಲ್ಲಿ ಮೊನಚು ಸೂರಿನ ಕಲ್ಲುಮನೆಗಳಿವೆಯಲ್ಲ, ತ್ರುಲ್ಲಿ ಅಂತಾರೆ, ಅಂಥದ್ದರಲ್ಲಿ ಒಂದು ವಾರ ಇರೋಣ ಅಂದುಕೊಂಡಿದ್ದೇನೆ. ಆಲ್ಬೆರೊಬೆಲ್ಲೊ ಊರಲ್ಲೇ ಮನೆ ಹಿಡಿಯಬೇಕಾ? ಅಲ್ಲಿಂದ ಸಮುದ್ರ ಎಷ್ಟು ದೂರ? ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಊಟದ ಗತಿ ಏನು? ಅಪ್ಪ ಜೀವಮಾನವೆಲ್ಲ ತೆಂಗಿನ ತೋಟದಲ್ಲೇ ಕಳೆದವರು. ಮ್ಯೂಸಿಯಂಗಿಂತ ತೋಟ ತೋರಿಸಿದರೆ ಅವರಿಗೆ ಖುಷಿ.

ಬಾರಿಯಿಂದ:
ನಾನು ಕೆಲಸದ ಮೇಲೆ ಬಾರಿ ನಗರದಲ್ಲಿದ್ದೇನೆ. ರಜೆ ಸಿಕ್ಕರೆ ಹೋಗುವುದು ಆ ಕಡೆಗೇ. ನಿಮ್ಮ ಪ್ರಶ್ನೆ ನೋಡಿ ಸಂತೋಷವಾಯಿತು.

ಆಲ್ಬೆರೊಬೆಲ್ಲೊಗೆ ಹೋಗಿ, ಆದರೆ ಅಲ್ಲಿ ಉಳಿಯಬೇಡಿ. ಸುಮಾರು 1,500 ತ್ರುಲ್ಲಿಗಳಿರುವ ಊರು, 1996ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಹಾಗಾಗಿ ಹಗಲೆಲ್ಲ ಬಸ್ಸುಗಟ್ಟಲೆ ಜನ. ರಿಯೋನೆ ಮೊಂತಿ ಅನ್ನುವ ಭಾಗ ಪೂರ್ತಿ ಏರು, ಸಾಲಾಗಿ ಅಂಗಡಿಗಳು. ಅಪ್ಪನವರನ್ನು ಬೆಳಿಗ್ಗೆ ಬೇಗ ಕರೆದುಕೊಂಡು ಹೋಗಿ ಆಯಾ ಪಿಕ್ಕೊಲಾ ಭಾಗದಲ್ಲಿ ನಿಧಾನಕ್ಕೆ ನಡೆಸಿ. ಅಲ್ಲಿ ಗದ್ದಲ ಕಡಿಮೆ.

ಉಳಿಯುವುದಕ್ಕೆ ಲೊಕೊರೊತೊಂದೊ, ಚಿಸ್ತೆರ್ನಿನೊ ನಡುವಿನ ಹೊಲಗಳೇ ಸರಿ. ತ್ರುಲ್ಲೋ (ತ್ರುಲ್ಲಿಯ ಏಕವಚನ) ಮೂಲತಃ ರೈತನ ಮನೆ. ಉಳುವಾಗ ಸಿಕ್ಕ ಸುಣ್ಣಕಲ್ಲನ್ನೇ ಬದಿಗೆ ಪೇರಿಸಿ ಬೇಲಿಗೋಡೆ ಕಟ್ಟಿದರು, ಮನೆಯನ್ನೂ ಕಟ್ಟಿದರು. ಹೊಲದ ಮಧ್ಯೆ ನಿಂತು ನೋಡಿದರೇ ಅದು ಅರ್ಥವಾಗುವುದು. ಒಮ್ಮೆ ಅಲ್ಲೊಬ್ಬ ವಯಸ್ಸಾದ ಮೇಸ್ತ್ರಿ ಸೂರು ರಿಪೇರಿ ಮಾಡುತ್ತಿದ್ದರು. ಒಂದೊಂದು ಚಪ್ಪಡಿಯನ್ನೂ ಕೈಯಲ್ಲಿ ತೂಗಿ ನೋಡಿ, ಅಂಚನ್ನು ಸುತ್ತಿಗೆಯಿಂದ ಎರಡೇಟು ಕೆತ್ತಿ, ಹೊರಗಡೆಗೆ ಒಂದಿಷ್ಟು ಇಳಿಜಾರಾಗಿ ಕೂರಿಸುತ್ತಿದ್ದರು. ಮಳೆನೀರು ಒಳಗಿಳಿಯದೆ ಹೊರಗೆ ಜಾರಲಿ ಅಂತ ಆ ಇಳಿಜಾರು. ಗಾರೆ ಎಲ್ಲೂ ಇಲ್ಲ. ಸುತ್ತು ಮೇಲೇರಿದಂತೆ ಕಿರಿದಾಗುತ್ತಾ ಹೋಗಿ ಕಲ್ಲಿನ ಭಾರವೇ ಕಲ್ಲನ್ನು ಹಿಡಿದಿಡುತ್ತದೆ. ನಾನು ಮಧ್ಯಾಹ್ನವಿಡೀ ನೋಡುತ್ತಾ ನಿಂತಿದ್ದೆ.

ಗಾರೆ ಬಳಸದ್ದಕ್ಕೆ ಒಂದು ಕಥೆಯೂ ಇದೆ. ಹೊಸ ಊರು ಕಟ್ಟಿದರೆ ನೇಪಲ್ಸ್ ರಾಜನಿಗೆ ತೆರಿಗೆ ಕೊಡಬೇಕಿತ್ತಂತೆ. ಅದನ್ನು ತಪ್ಪಿಸಲು, ತನಿಖೆಗೆ ಬಂದಾಗ ಬೇಗ ಕೆಡವಲು ಬರುವಂಥ ಮನೆಗಳನ್ನೇ ಕಟ್ಟಿಸಿ ಅಂತ ಕೊನ್ವೆರ್ಸಾನೊದ ಕೌಂಟ್‌ಗಳು (ಜಹಗೀರುದಾರರು) ರೈತರಿಗೆ ಹೇಳಿದ್ದರಂತೆ. 1797ರಲ್ಲಿ ರಾಜ ಫರ್ಡಿನಾಂಡ್ ಆಲ್ಬೆರೊಬೆಲ್ಲೊವನ್ನು ಕೌಂಟ್‌ಗಳ ಹಿಡಿತದಿಂದ ಬಿಡಿಸಿದ.

ಮನೆ ಬುಕ್ ಮಾಡುವ ಮುಂಚೆ ಮಾಲೀಕರನ್ನು ಎರಡು ವಿಷಯ ಕೇಳಿ. ಮಂಚ ನೆಲದ ಮೇಲಿದೆಯಾ ಅಟ್ಟದ ಮೇಲಾ? ಸುಮಾರು ಕಡೆ ಏಣಿ ಹತ್ತಿ ಮಲಗಬೇಕು, ಅಪ್ಪನವರಿಗೆ ಆಗುವುದಿಲ್ಲ. ಬಚ್ಚಲಮನೆ ಒಳಗೇ ಇದೆಯಾ? ಕಿಟಕಿ ಚಿಕ್ಕದು, ಬೆಳಕು ಕಡಿಮೆ. ಗೋಡೆ ಮಾತ್ರ ಬಹಳ ದಪ್ಪ. ಹೊರಗೆ ಸುಡುಬಿಸಿಲಿದ್ದರೂ ಒಳಗೆ ತಂಪು.

ಸಮುದ್ರ ಕಾರಿನಲ್ಲಿ ಅರ್ಧ ಗಂಟೆ. ಫೋಟೊದಲ್ಲಿ ಎಲ್ಲರೂ ನೋಡುವ ಪೊಲಿನ್ಯಾನೊ ಆ ಮಾರೆ ಚೆಂದವೇ, ಆದರೆ ಅಲ್ಲಿನ ತೀರವೆಲ್ಲ ಉರುಟುಕಲ್ಲು, ಬಂಡೆ. ಅಮ್ಮನವರು ಕಾಲು ನೆನೆಸಿಕೊಳ್ಳಲಿ ಅಂತಿದ್ದರೆ ತೊರ್ರೆ ಕಾನ್ನೆ ಕಡೆಯ ಮರಳು ತೀರಕ್ಕೆ ಹೋಗಿ. ಸೆಪ್ಟೆಂಬರ್‌ನಲ್ಲೂ ನೀರು ಬೆಚ್ಚಗಿರುತ್ತದೆ.

ಇಸಾರ್ ದಂಡೆ:
ಮೇಡಂ ಹೇಳಿದ್ದಕ್ಕೆ ನನ್ನದೂ ಒಂದು ಮಾತು. ಕಾರು ಬೇಕೇ ಬೇಕು. ಬಾರಿಯಿಂದ ಆಲ್ಬೆರೊಬೆಲ್ಲೊಗೆ ಸುದ್-ಎಸ್ತ್ ಕಂಪನಿಯ ರೈಲುಮಾರ್ಗವಿದೆ, ಆದರೆ ಹೊಲದ ಮನೆಯವರೆಗೆ ಅದು ಬರುವುದಿಲ್ಲವಲ್ಲ. ಆಟೊಮ್ಯಾಟಿಕ್ ಗಾಡಿ ಬೇಕಿದ್ದರೆ ಈಗಲೇ ಹೇಳಿಡಿ. ಹಳೇ ಪೇಟೆಗಳ ಬಾಯಲ್ಲಿ ಝಡ್‌ಟಿಎಲ್ (ಹೊರಗಿನ ಗಾಡಿಗಳಿಗೆ ನಿರ್ಬಂಧವಿರುವ ವಲಯ) ಬೋರ್ಡ್ ಕಂಡರೆ ಒಳಗೆ ನುಗ್ಗಬೇಡಿ. ಕ್ಯಾಮೆರಾ ಇರುತ್ತದೆ, ದಂಡದ ಚೀಟಿ ಆಮೇಲೆ ಜರ್ಮನಿಯ ಮನೆಗೇ ಬರುತ್ತದೆ. ಒಂದು ದಿನ ಬಿಡುವಿದ್ದರೆ ಪಕ್ಕದ ಬಸಿಲಿಕಾತಾದ ಮತೇರಾ ನೋಡಬಹುದು, ಆದರೆ ಅಲ್ಲಿ ಬರೀ ಮೆಟ್ಟಿಲು. ನಿಮ್ಮ ತಂದೆಯವರಿಗೆ ಎದುರು ದಿಬ್ಬದಿಂದ ತೋರಿಸಿದರೆ ಸಾಕು.

ತಿಪಟೂರಿನವ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಮ್ಮನ ಊಟ, ಅಪ್ಪನ ತೋಟದ ಬಗ್ಗೆಯೂ ಸ್ವಲ್ಪ ಹೇಳ್ತೀರಾ ಮೇಡಂ?

ಬಾರಿಯಿಂದ:
ಊಟಕ್ಕೆ ಭಯ ಬೇಡ. ಪುಲ್ಯಾ ಬಡ ರೈತರ ನಾಡಾಗಿತ್ತು, ಅಡಿಗೆಯೆಲ್ಲ ಕಾಳು, ಸೊಪ್ಪು, ಎಣ್ಣೆ. 'ಫಾವೆ ಎ ಚಿಕೋರಿಯಾ' ಕೇಳಿ. ಒಣ ಫಾವಾ ಕಾಳನ್ನು ನುಣ್ಣಗೆ ಬೇಯಿಸಿ, ಪಕ್ಕದಲ್ಲಿ ಕಹಿಸೊಪ್ಪಿನ ಪಲ್ಯ, ಮೇಲೆ ಆಲಿವ್ ಎಣ್ಣೆ. ನಮ್ಮ ಮಸ್ಸೊಪ್ಪು ತಿಂದು ಬೆಳೆದವರಿಗೆ ಮೊದಲ ತುತ್ತಿಗೇ ಒಗ್ಗುತ್ತದೆ. ಜಿ6ಪಿಡಿ ಎಂಬ ಕಿಣ್ವದ ಹುಟ್ಟುಕೊರತೆ ಇರುವವರು ಮಾತ್ರ ಫಾವಾ ತಿನ್ನಬಾರದು, ಮನೆಯಲ್ಲಿ ಯಾರಿಗಾದರೂ ಇದ್ದರೆ ನೆನಪಿರಲಿ. ಕಿವಿಯಾಕಾರದ ಒರೆಕ್ಕಿಯೆತ್ತೆ ಪಾಸ್ತಾಗೆ ರವೆ, ನೀರು ಅಷ್ಟೇ, ಮೊಟ್ಟೆಯಿಲ್ಲ. ಆದರೆ ಸೊಪ್ಪಿನ ಜೊತೆ ಬರುವಾಗ ಅದರಲ್ಲಿ ಸಣ್ಣ ಮೀನು ಕರಗಿಸಿರುತ್ತಾರೆ, ಕಣ್ಣಿಗೆ ಕಾಣುವುದಿಲ್ಲ. 'ಸೆಂತ್ಸಾ ಅಚ್ಚೂಗೆ' ಅಂತ ಹೇಳಲೇಬೇಕು. ಬುರ್ರಾತಾ ಚೀಸ್‌ಗೆ ಸಾಮಾನ್ಯವಾಗಿ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಅಮ್ಮನವರಿಗೆ ಮೊದಲೇ ತಿಳಿಸಿ, ತಿನ್ನುವುದು ಬಿಡುವುದು ಅವರಿಷ್ಟ. ಹೋಟೆಲುಗಳಲ್ಲಿ ರಾತ್ರಿ ಊಟ ಏಳೂವರೆಗೆ ಮುಂಚೆ ಸಿಗುವುದು ಕಷ್ಟ. ಅಡಿಗೆಮನೆ ಇರುವ ತ್ರುಲ್ಲೋ ಹಿಡಿದರೆ ವಾಸಿ. ಸಂತೆಯಲ್ಲಿ ಬದನೆ, ಟೊಮೆಟೊ, ಅಂಜೂರ, ದ್ರಾಕ್ಷಿ ಧಾರಾಳ.

ಅಪ್ಪನವರನ್ನು ಒಸ್ತೂನಿ, ಫಸಾನೊ ನಡುವಿನ ಬಯಲಿಗೆ ಕರೆದೊಯ್ಯಿರಿ. ಕಾಂಡ ತಿರುಚಿಕೊಂಡು ಎರಡಾಗಿ ಸೀಳಿಯೂ ಕಾಯಿ ಬಿಡುವ ನೂರಾರು ವರ್ಷದ ಆಲಿವ್ ಮರಗಳಿವೆ. ಮಸ್ಸೆರಿಯಾ ಅನ್ನುವ ಕೋಟೆಯಂಥ ತೋಟದಮನೆಗಳಲ್ಲಿ ಕೆಲವು ಕಡೆ ನೆಲದಡಿಯ ಹಳೇ ಗಾಣ ತೋರಿಸುತ್ತಾರೆ, ಅಲ್ಲಿಗೂ ಮೆಟ್ಟಿಲಿದೆ, ಕೇಳಿಕೊಳ್ಳಿ. ದಕ್ಷಿಣದ ಸಲೆಂತೊ ಕಡೆ ಹೋದರೆ ಬೇರೆಯದೇ ನೋಟ. 2013ರಲ್ಲಿ ಅಲ್ಲಿ ಪತ್ತೆಯಾದ ಝೈಲೆಲ್ಲಾ ಎಂಬ ಬ್ಯಾಕ್ಟೀರಿಯಾ ಮರದ ನೀರಿನ ನಾಳಗಳನ್ನೇ ಮುಚ್ಚಿಬಿಡುತ್ತದೆ. ಒಂದು ನೊರೆಕೀಟ ಅದನ್ನು ಮರದಿಂದ ಮರಕ್ಕೆ ದಾಟಿಸುತ್ತದೆ. ಲಕ್ಷಗಟ್ಟಲೆ ಮರಗಳು ನಿಂತಲ್ಲೇ ಒಣಗಿವೆ. ರೋಗ ಉತ್ತರಕ್ಕೂ ಏರುತ್ತಿದೆ, ನೋಡುವಾಗ ಹೊಟ್ಟೆ ಉರಿಯುತ್ತದೆ. ತೋಟದವರಾದ ನಿಮ್ಮ ತಂದೆಯವರಿಗೆ ಇದನ್ನು ಮುಚ್ಚಿಡಬೇಡಿ, ಅಲ್ಲಿನ ರೈತರ ಜೊತೆ ಅವರಿಗೆ ಮಾತಿಗೆ ಇದಕ್ಕಿಂತ ದೊಡ್ಡ ವಿಷಯ ಸಿಗಲಾರದು. ನೀವು ಪಕ್ಕದಲ್ಲಿ ಕೂತು ಅನುವಾದಿಸಿ.

ಗಾಣ ಆಡುವುದನ್ನೇ ನೋಡಬೇಕೆಂದರೆ ಅಕ್ಟೋಬರ್ ಕೊನೆಗೆ ಬನ್ನಿ, ಆಗ ಕೊಯ್ಲು. ಸಮುದ್ರಸ್ನಾನ ಬೇಕಾದರೆ ಸೆಪ್ಟೆಂಬರ್. ಎರಡೂ ಒಟ್ಟಿಗೆ ಸಿಗುವುದಿಲ್ಲ, ಅವರನ್ನೇ ಕೇಳಿ ತೀರ್ಮಾನಿಸಿ.