ಸ್ವಾಧೀನದ ತಂಡದಲ್ಲಿ ಆಂತರಿಕ ಲೆಕ್ಕಪರಿಶೋಧಕ ಇರಬಹುದೇ?

ಪ್ರಶ್ನೆ (ಪೀಣ್ಯದಿಂದ)

ಯಂತ್ರಭಾಗಗಳನ್ನು ತಯಾರಿಸುವ ಕಂಪನಿಯೊಂದರಲ್ಲಿ ನಾನು ಆಂತರಿಕ ಲೆಕ್ಕಪರಿಶೋಧನಾ ವಿಭಾಗವನ್ನು ನೋಡಿಕೊಳ್ಳುತ್ತಿದ್ದೇನೆ. ನಮ್ಮ ಕಂಪನಿಯು ಬೆಳಗಾವಿಯ ಒಂದು ಫೌಂಡ್ರಿಯ (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯ) ಅಷ್ಟೂ ಷೇರುಗಳನ್ನು ಕೊಳ್ಳಲು ಮಾತುಕತೆ ನಡೆಸುತ್ತಿದ್ದು, ಹಣಕಾಸು ಮತ್ತು ತೆರಿಗೆಯ ಡ್ಯೂ ಡಿಲಿಜೆನ್ಸ್ (ಕೊಳ್ಳುವ ಮುನ್ನ ಮಾಡುವ ಪರಿಶೀಲನೆ) ಕೆಲಸವನ್ನು ಹೊರಗಿನ ಸಿ.ಎ. ಸಂಸ್ಥೆಗೆ ವಹಿಸಲಾಗಿದೆ. ನನ್ನನ್ನೂ ಆ ತಂಡದ ಜೊತೆ ಹೋಗಿಬರುವಂತೆ ಎಂ.ಡಿ.ಯವರು ಹೇಳಿದ್ದಾರೆ. ಹೊರಗಿನವರು ಪುಸ್ತಕಗಳನ್ನೆಲ್ಲ ತಿರುವಿ ಹಾಕುತ್ತಿರುವಾಗ ನಾನು ಹೊಸದಾಗಿ ನೋಡುವುದಾದರೂ ಏನನ್ನು? ಅಲ್ಲದೆ, ಇಂದು ಖರೀದಿಯಲ್ಲಿ ಕೈಜೋಡಿಸಿ ನಾಳೆ ಅದೇ ಫೌಂಡ್ರಿಯ ಪರಿಶೋಧನೆಗೆ ಹೋದರೆ ನನ್ನ ವರದಿಗೆ ಬೆಲೆ ಇರುತ್ತದೆಯೇ? ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಉತ್ಪಾದನಾ ವಲಯದ ಸಿ.ಎ.)

ಹೊರಗಿನ ಸಂಸ್ಥೆಯವರು ಬಹುಮಟ್ಟಿಗೆ ಡೇಟಾ ರೂಮಿನಲ್ಲಿ, ಎಂದರೆ ಮಾರುವವರು ದಾಖಲೆಗಳನ್ನು ತೋರಿಸಲು ತೆರೆದ ಜಾಗದಲ್ಲಿ, ಇಟ್ಟದ್ದನ್ನು ನೋಡುತ್ತಾರೆ. ಅಲ್ಲಿ ಇಡದೆ ಬಿಟ್ಟದ್ದು ಯಾವುದೆಂದು ಹೊಳೆಯುವುದು ಆ ಉದ್ಯಮದಲ್ಲಿ ದಿನವೂ ಓಡಾಡುವವರಿಗೆ. ತಾವು ಹೊರಗಿನವರ ಕೈಯಲ್ಲಿ ಕೆಲಸ ಮಾಡಿಸಲು ಮಾಲು ಕಳುಹಿಸುವಾಗ ಬರೆಯುವ ಜಾಬ್ ವರ್ಕ್ ಚಲನ್‌ಗಳಿಂದ ಆರಂಭಿಸುವುದು ಒಳ್ಳೆಯದು. ಮಷಿನಿಂಗ್‌ಗೆಂದು ಹೊರಗೆ ಕಳುಹಿಸಿದ ಎರಕಗಳು ಒಂದು ವರ್ಷದೊಳಗೆ ಮರಳಿ ಬರದಿದ್ದರೆ, ಅಥವಾ ಜಾಬ್ ವರ್ಕರ್‌ನ ಜಾಗದಿಂದಲೇ ಮಾರಾಟವಾಗದಿದ್ದರೆ, ಅವಧಿ ವಿಸ್ತರಣೆ ಸಿಕ್ಕಿದ್ದ ಹೊರತು, ಕಳುಹಿಸಿದ ದಿನವೇ ಅವು ಪೂರೈಕೆಯಾದವೆಂದು ಸಿಜಿಎಸ್‌ಟಿ (ಕೇಂದ್ರ ಸರಕು ಮತ್ತು ಸೇವಾ ತೆರಿಗೆ) ಕಾಯ್ದೆಯ 143ನೇ ಸೆಕ್ಷನ್ ಭಾವಿಸುತ್ತದೆ. ಆಗ ತೆರಿಗೆಯ ಜೊತೆಗೆ ಬಡ್ಡಿಯೂ ಬೀಳುತ್ತದೆ. ಲೆಡ್ಜರಿನಲ್ಲಿ ಮಾತ್ರ ಆ ಮಾಲು ದಾಸ್ತಾನಾಗಿಯೇ ಕುಳಿತಿರುತ್ತದೆ.

ನಾನೊಮ್ಮೆ ಇಂಥದೇ ಖರೀದಿಗಾಗಿ ಹೋಗಿದ್ದಾಗ, ಸಿದ್ಧಸರಕೆಂದು ಪಟ್ಟಿಯಲ್ಲಿದ್ದ ಎರಕಗಳ ರಾಶಿ ಶೆಡ್ಡಿನ ಹಿಂದಿತ್ತು. ಸಂದಿಗಳಲ್ಲಿ ಮೊಣಕಾಲುದ್ದ ಹುಲ್ಲು ಬೆಳೆದಿತ್ತು. ತುಕ್ಕನ್ನು ಬೆರಳಿನಿಂದ ಉಜ್ಜಿ ಹೀಟ್ ನಂಬರ್ (ಯಾವ ಸಲ ಕರಗಿಸಿದ ಲೋಹ ಎಂಬ ಗುರುತು) ಓದಿ, ಕರಗಿಸಿದ ದಿನದ ರಿಜಿಸ್ಟರಿಗೆ ಹೋಲಿಸಿದಾಗ ಅವು ಮೂರು ವರ್ಷ ಹಳೆಯ, ಗ್ರಾಹಕರು ತಿರಸ್ಕರಿಸಿ ಮರಳಿಸಿದ್ದ ತುಂಡುಗಳೆಂದು ತಿಳಿಯಿತು. ಪುಸ್ತಕದಲ್ಲಿ ಅವುಗಳಿಗೆ ಪೂರ್ಣ ಬೆಲೆ ಕಟ್ಟಲಾಗಿತ್ತು. ನಿಜವಾಗಿ ಸಿಗುತ್ತಿದ್ದದ್ದು ಗುಜರಿಯ ದರ. ಮಾರ್ಚ್ ಕೊನೆಯ ವಾರದ ಬಿಲ್ಲುಗಳನ್ನೂ ಏಪ್ರಿಲ್ ತಿಂಗಳ ಕ್ರೆಡಿಟ್ ನೋಟ್‌ಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ; ವರ್ಷದ ಕೊನೆಗೆ ತೋರಿಸಿದ ಮಾರಾಟವನ್ನು ಮರುತಿಂಗಳೇ ರದ್ದು ಮಾಡಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ಪ್ಯಾಟರ್ನ್‌ಗಳಲ್ಲಿ (ಎರಕದ ಅಚ್ಚು ಮಾಡಲು ಬಳಸುವ ಮಾದರಿಗಳಲ್ಲಿ) ಎಷ್ಟು ಫೌಂಡ್ರಿಯವು, ಎಷ್ಟು ಗ್ರಾಹಕರವು ಎಂಬುದನ್ನೂ ಕೇಳಿ. ಷೇರುಗಳನ್ನೇ ಕೊಳ್ಳುತ್ತಿರುವುದರಿಂದ ಹಳೆಯ ತೆರಿಗೆ, ಪಿ.ಎಫ್. ಮತ್ತು ಗ್ರಾಚ್ಯುಟಿಯ ಬಾಕಿಯೆಲ್ಲ ಕಂಪನಿಯ ಬೆನ್ನಿಗೇ ಅಂಟಿಕೊಂಡು ಬರುತ್ತದೆ. ಅದಕ್ಕೆ ಮಾರುವವರಿಂದ ಭರವಸೆ ಬರೆಸಿಕೊಳ್ಳಬೇಕಾದರೆ ಸಹಿಗೆ ಮುಂಚೆಯೇ ಅದು ಕಣ್ಣಿಗೆ ಬಿದ್ದಿರಬೇಕು.

ಉತ್ತರ 2 (ಔಷಧ ತಯಾರಿಕಾ ವಲಯದಿಂದ)

ಮೇಲಿನವರು ಹೇಳಿದ್ದಕ್ಕೆ ಒಂದನ್ನು ಸೇರಿಸುತ್ತೇನೆ. ಮಾರುವ ಕಂಪನಿಯ ಆಂತರಿಕ ಪರಿಶೋಧನಾ ವರದಿಗಳನ್ನೂ, ಅವನ್ನು ಮಂಡಳಿಯ ಮುಂದಿಟ್ಟ ಸಭೆಗಳ ನಡಾವಳಿಯನ್ನೂ ಲಿಖಿತವಾಗಿ ಕೇಳಿ ಪಡೆಯಿರಿ. ಜಪಾನಿನ ದಾಯಿಚಿ ಸ್ಯಾಂಕ್ಯೊ ಕಂಪನಿಯು 2008ರಲ್ಲಿ ಭಾರತದ ಔಷಧ ಕಂಪನಿಯಾದ ರ‍್ಯಾನ್‌ಬಾಕ್ಸಿಯನ್ನು ಸುಮಾರು 460 ಕೋಟಿ ಡಾಲರ್‌ಗೆ ಕೊಂಡುಕೊಂಡಿತು. ಔಷಧಗಳ ದತ್ತಾಂಶವನ್ನು ತಿರುಚಲಾಗಿದೆ ಎಂಬುದನ್ನು ತೋರಿಸುವ ಸ್ವಯಂಮೌಲ್ಯಮಾಪನ ವರದಿಯೊಂದು 2004ರಲ್ಲೇ ರ‍್ಯಾನ್‌ಬಾಕ್ಸಿಯ ಒಳಗೆ ಸಿದ್ಧವಾಗಿತ್ತು. ಕೊಳ್ಳುವವರ ಕೈಗೆ ಅದು ಸಿಗಲಿಲ್ಲ. 2013ರಲ್ಲಿ ರ‍್ಯಾನ್‌ಬಾಕ್ಸಿ ಅಮೆರಿಕದಲ್ಲಿ ತಪ್ಪೊಪ್ಪಿಕೊಂಡು 50 ಕೋಟಿ ಡಾಲರ್ ತೆತ್ತಿತು. ಮಾಹಿತಿಯನ್ನು ಮರೆಮಾಚಿದ್ದಕ್ಕಾಗಿ ಹಳೆಯ ಮಾಲೀಕರು ಪರಿಹಾರ ಕೊಡಬೇಕೆಂದು ಸಿಂಗಪುರದ ಮಧ್ಯಸ್ಥಿಕೆ ನ್ಯಾಯಮಂಡಳಿ 2016ರಲ್ಲಿ ತೀರ್ಪಿತ್ತಿತು. ಕೊಳ್ಳಲು ಬಂದವರು ಹುಡುಕಬೇಕಾಗಿದ್ದ ಸಂಗತಿಯನ್ನು ಒಳಗಿನವರು ಆಗಲೇ ಬರೆದಿಟ್ಟಿದ್ದರು ಎಂಬುದೇ ಇದರಲ್ಲಿ ನನ್ನನ್ನು ಕಾಡುವ ಅಂಶ. ಕೇಳಿದರೂ ವರದಿ ಕೊಡಲಿಲ್ಲವೆಂದರೆ, ಕೊಡಲಿಲ್ಲ ಎಂಬುದನ್ನೇ ತಮ್ಮ ಟಿಪ್ಪಣಿಯಲ್ಲಿ ದಾಖಲಿಸಿ.

ಉತ್ತರ 3 (ಬ್ಯಾಂಕಿನ ತಪಾಸಣಾ ವಿಭಾಗದಿಂದ ನಿವೃತ್ತ)

ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಸಲಹೆ ಕೊಡುವುದು ಬೇರೆ, ಜವಾಬ್ದಾರಿ ಹೊರುವುದು ಬೇರೆ. ಯಾವ ಕಾರ್ಯದ ಹೊಣೆಯನ್ನು ತಾನೇ ಹೊತ್ತಿದ್ದನೋ ಅದನ್ನು ಮುಂದಿನ 12 ತಿಂಗಳೊಳಗೆ ತಾನೇ ಪರಿಶೋಧಿಸಿದರೆ ಪರಿಶೋಧಕನ ವಸ್ತುನಿಷ್ಠತೆಗೆ ಧಕ್ಕೆ ಬಂದಂತೆಯೇ ಎಂದು ಆಂತರಿಕ ಪರಿಶೋಧನೆಯ ಜಾಗತಿಕ ಮಾನದಂಡಗಳು ಭಾವಿಸುತ್ತವೆ. ಆದ್ದರಿಂದ ಕಂಡದ್ದನ್ನು ಬರೆಯಿರಿ. ಬೆಲೆ ನಿಗದಿಯ ಚರ್ಚೆಯಲ್ಲಿ ಕೂರಬೇಡಿ, ‘ಕೊಳ್ಳಬಹುದು’ ಎಂಬ ಶಿಫಾರಸಿಗೆ ಸಹಿ ಹಾಕಬೇಡಿ. ಟಿಪ್ಪಣಿಯ ಒಂದು ಪ್ರತಿ ನೇರವಾಗಿ ಮಂಡಳಿಯ ಲೆಕ್ಕಪರಿಶೋಧನಾ ಸಮಿತಿಗೆ ಹೋಗಲಿ.

ಸಹಿಯಾದ ಮೇಲಿನ ಕೆಲಸವೇ ಹೆಚ್ಚೆಂಬುದು ನನ್ನ ಅಭಿಪ್ರಾಯ. ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾದದ್ದು 2020ರ ಏಪ್ರಿಲ್ 1ರಂದು. ಸಿಂಡಿಕೇಟಿನ ಹಳೆಯ ಐ.ಎಫ್.ಎಸ್.ಸಿ. ಸಂಕೇತಗಳು ನಿಂತದ್ದು 2021ರ ಜುಲೈ 1ರಿಂದ. ಕಾಗದದ ವಿಲೀನಕ್ಕೂ ಕೌಂಟರಿನ ವಿಲೀನಕ್ಕೂ ನಡುವೆ ಹದಿನೈದು ತಿಂಗಳು. ಇಂಥ ಅವಧಿಯಲ್ಲಿ ಹಳೆಯ ಅಧಿಕಾರಿಗಳ ಪಾಸ್‌ವರ್ಡ್‌ಗಳು ರದ್ದಾದವೇ, ಹಣ ಮಂಜೂರು ಮಾಡುವ ಮಿತಿ ಯಾರದ್ದು ಎಷ್ಟು, ಒಂದೇ ಸರಬರಾಜುದಾರ ಎರಡು ಹೆಸರುಗಳಲ್ಲಿ ಉಳಿದಿದ್ದಾನೆಯೇ ಎಂಬುದನ್ನು ತಿಂಗಳು ತಿಂಗಳೂ ನೋಡುತ್ತಿರಬೇಕು. ಅದು ಪೂರ್ತಿ ತಮ್ಮದೇ ಕೆಲಸ, ಅದರಲ್ಲಿ ಸಂಕೋಚ ಬೇಡ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಟಿಪ್ಪಣಿ ಸಮಿತಿಗೇ ಹೋಗಲಿ ಎಂಬುದಕ್ಕೆ ಎಂ.ಡಿ.ಯವರು ಒಪ್ಪಿದ್ದಾರೆ. ಸೋಮವಾರ ಬೆಳಗಾವಿಗೆ ಹೊರಡುತ್ತಿದ್ದೇನೆ. ಎರಡು ವರ್ಷಗಳ ಚಲನ್ ಪುಸ್ತಕಗಳನ್ನು ತೆಗೆದಿಡುವಂತೆ ಇಂದೇ ಕೇಳಿದ್ದೇನೆ, ಶೆಡ್ಡಿನ ಹಿಂಭಾಗಕ್ಕೆ ಮಾತ್ರ ಹೇಳದೆಯೇ ಹೋಗುತ್ತೇನೆ.