ಸಹಾಯ ಬೇಕು: ಮಟ್ಟುಗುಳ್ಳ ಸಸಿಗೆ ಲ್ಯಾಂಥನಮ್ ಕೊಡುವ ಬಗ್ಗೆ

ಉಡುಪಿ, ಮಂಗಳೂರು ಕಡೆಯವರು ನೋಡಿ. ನಾರಿನ ಪುಡಿ ಟ್ರೇಯಲ್ಲಿರುವ ಮಟ್ಟುಗುಳ್ಳ (ಮಟ್ಟು ಊರಿನ ಬದನೆ) ಸಸಿಗೆ ವಾರಕ್ಕೊಮ್ಮೆ ಲ್ಯಾಂಥನಮ್ (ಒಂದು ವಿರಳ ಭೂಲೋಹ) ನೈಟ್ರೇಟ್ ಬುಡಕ್ಕೆ ಹಾಕುತ್ತಿದ್ದೇವೆ. ಲೀಟರಿಗೆ 10 ಮಿ.ಗ್ರಾಂ ಲ್ಯಾಂಥನಮ್ ಸಿಗಲು ಹೆಕ್ಸಾಹೈಡ್ರೇಟ್ ಉಪ್ಪು 31 ಮಿ.ಗ್ರಾಂ, ನೈಟ್ರೇಟಿನ ಪರಿಣಾಮ ಬೇರ್ಪಡಿಸಲು ಹೋಲಿಕೆಯ ಟ್ರೇಗೆ ಪೊಟ್ಯಾಸಿಯಂ ನೈಟ್ರೇಟ್ 22 ಮಿ.ಗ್ರಾಂ.

ಲೀಟರಿಗೆ 100 ಮಿ.ಗ್ರಾಂ ಲ್ಯಾಂಥನಮ್ ಕೊಟ್ಟ ಇನ್ನೊಂದು ಟ್ರೇಯಲ್ಲಿ ಬೇರು ಮೋಟಾಗಿ, ತುದಿ ಕಂದಿದೆ. ಅದು ಗೊತ್ತಿದ್ದದ್ದೇ, ಕ್ಯಾಲ್ಸಿಯಂ ಒಳಹೋಗುವ ದಾರಿಗೆ ಲ್ಯಾಂಥನಮ್ ಅಡ್ಡ ನಿಲ್ಲುತ್ತದೆ. ತಲೆನೋವು 10 ಮಿ.ಗ್ರಾಂ ಟ್ರೇಯದ್ದು: ಹೋಲಿಕೆಯ ಟ್ರೇಗೂ ಇದಕ್ಕೂ ವ್ಯತ್ಯಾಸವೇ ಇಲ್ಲ. 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ ಗೊಬ್ಬರ) ಹಾಕಿದ್ದ ಕ್ಯಾನನ್ನೇ ಬಳಸಿದ್ದರಿಂದ ದ್ರಾವಣ ತೆಳು ಮಜ್ಜಿಗೆಯಂತೆ ಮಸುಕಾಗಿತ್ತು. ಆ ಗೊಬ್ಬರದ ಫಾಸ್ಫೇಟ್ (ರಂಜಕದ ರೂಪ) ಸೇರಿ ಲ್ಯಾಂಥನಮ್ ಕರಗದ ಮಡ್ಡಿಯಾಗಿರಬೇಕು.

ಬೇಕಾದದ್ದು ಎರಡು: ರಂಜಕದ ಗೊಬ್ಬರಕ್ಕೂ ಲ್ಯಾಂಥನಮ್ ಕೊಡುವುದಕ್ಕೂ ಎಷ್ಟು ದಿನ ಅಂತರ ಬಿಡುತ್ತೀರಿ? ಬೇರು, ಎಲೆ ಬೇರೆಬೇರೆಯಾಗಿ ಐಸಿಪಿ-ಎಂಎಸ್ (ಅತಿ ಸಣ್ಣ ಪ್ರಮಾಣದ ಲೋಹವನ್ನೂ ಅಳೆಯುವ ಪರೀಕ್ಷೆ) ಮಾಡಿಕೊಡುವ ಲ್ಯಾಬ್ ಹತ್ತಿರದಲ್ಲಿ ಎಲ್ಲಿದೆ?